ಮತ್ತೊಮ್ಮೆ ಜನರನ್ನು ಕೇಳುವುದು ಹೇಗೆ?

“ಹ್ವಾಯ್, ಆದ್ದ್ ಆಯ್ತಲೆ, ಮತ್ತೆ ಎಂತಕ್ಕೆ?” ಗ್ರಾಮಸಭೆಯಲ್ಲಿ ಹಳೇ ವಿಷಯ ಎತ್ತಿದರೆ ಹಿಂದಿನ ಸಾಲಿನಿಂದ ಈ ಮಾತು ಬಂದೇ ಬರುತ್ತದೆ. ಕಿರಿಮಂಜೇಶ್ವರದ ರಸ್ತೆಗೂ ಅದೇ ಮಾತು, ದೇಶದ ವಿಚಾರಕ್ಕೂ ಅದೇ ಮಾತು. ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ಜನರ ಮುಂದೆ ಇಡಬಹುದೇ? ಇಡುವುದಾದರೆ ದಾರಿ ಯಾವುದು, ಖರ್ಚೆಷ್ಟು?

ಮೊದಲು ರೆಫರೆಂಡಮ್, ಅಂದರೆ ಜನಮತಗಣನೆ. ಇಲ್ಲಿ ಅಭ್ಯರ್ಥಿಗಳಿರುವುದಿಲ್ಲ, ಒಂದು ಪ್ರಶ್ನೆ ಇರುತ್ತದೆ. ಅದಕ್ಕೆ ಜನರೇ ಮತ ಹಾಕಿ ಉತ್ತರ ಹೇಳುತ್ತಾರೆ. ನಮ್ಮ ಸಂವಿಧಾನದಲ್ಲಿ ಇದಕ್ಕೊಂದು ಖಾಯಂ ವ್ಯವಸ್ಥೆ ಇಲ್ಲ. ಹಾಗಾದರೆ ನಮ್ಮಲ್ಲಿ ನಡೆದೇ ಇಲ್ಲವೇ? ನಡೆದಿದೆ, ಅದೂ ನಮ್ಮ ಕರಾವಳಿಯ ಮೇಲ್ತುದಿಯ ಗೋವಾದಲ್ಲಿ. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೋ ಎಂದು ಕೇಳಲು ಸಂಸತ್ತು 1966ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಸರ್ಕಾರ ತನ್ನ ಕಡೆಗೆ ಎಳೆಯಬಾರದೆಂದು ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ರಾಜೀನಾಮೆ ಕೊಟ್ಟರು. 1967ರ ಜನವರಿ 16ರಂದು ಮತದಾನ. ವಿಲೀನಕ್ಕೆ ಹೂವಿನ ಚಿಹ್ನೆ, ಬೇರೆಯಾಗಿ ಉಳಿಯಲು ಎರಡೆಲೆ. ಎರಡೆಲೆಗೆ 1,72,191 ಮತ, ಹೂವಿಗೆ 1,38,170. ಮತ್ತೊಮ್ಮೆ ಕೇಳುವ ಪ್ರಸಂಗ ಬರಲಿಲ್ಲ. 1987ರಲ್ಲಿ ಗೋವಾ ರಾಜ್ಯವೇ ಆಯಿತು.

ಮತ್ತೊಮ್ಮೆ ಕೇಳಿ ಎಂಬ ಕೂಗು ದೊಡ್ಡದಾಗಿ ಎದ್ದದ್ದು ಬ್ರಿಟನ್ನಿನಲ್ಲಿ. ಯುರೋಪಿನ ಒಕ್ಕೂಟದಿಂದ ಹೊರಬರಬೇಕೇ ಎಂದು 2016ರ ಜೂನ್ 23ರಂದು ಕೇಳಿದರು. ಹೊರಬರೋಣ ಎಂದವರು ಶೇ. 51.9. ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ಅಲ್ಲಿ ವಾಸವಿದ್ದ ಭಾರತದ ಪಾಸ್‌ಪೋರ್ಟಿನವರಿಗೂ ಮತವಿತ್ತು. ಜರ್ಮನಿ, ಫ್ರಾನ್ಸಿನಿಂದ ಬಂದು ನೆಲೆಸಿದವರಿಗೆ ಇರಲಿಲ್ಲ! ಇನ್ನೊಮ್ಮೆ ಮತದಾನ ಬೇಕೆಂಬ ಮನವಿಗೆ ನಲವತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ತಮಾಷೆಯೆಂದರೆ ಆ ಮನವಿಯನ್ನು ಫಲಿತಾಂಶಕ್ಕೆ ಮೊದಲೇ ಬರೆದಿಟ್ಟವನು ಹೊರಬರುವ ಕಡೆಯವನು, ತಾನು ಸೋತರೆ ಇರಲಿ ಎಂದು. ಕೊನೆಗೆ ವಿಷಯ ಸಂಸತ್ತಿಗೆ ಹೋಯಿತು. 2019ರ ಏಪ್ರಿಲ್ 1ರಂದು 280ಕ್ಕೆ 292, ಹನ್ನೆರಡು ಮತದಲ್ಲಿ ಬಿದ್ದುಹೋಯಿತು.

ಐರ್ಲೆಂಡಿನಲ್ಲಿ ಎರಡನೇ ಸಲ ಕೇಳಿಯೇಬಿಟ್ಟರು. ಲಿಸ್ಬನ್ ಒಪ್ಪಂದವನ್ನು 2008ರಲ್ಲಿ ಶೇ. 53.4 ಮಂದಿ ಬೇಡ ಎಂದರು. ಸರ್ಕಾರ ಯುರೋಪಿಗೆ ಹೋಗಿ ತೆರಿಗೆ, ಗರ್ಭಪಾತ, ಸೈನ್ಯದ ತಾಟಸ್ಥ್ಯದ ಬಗ್ಗೆ ಲಿಖಿತ ಭರವಸೆ ತಂದಿತು. 2009ರಲ್ಲಿ ಶೇ. 67.1 ಮಂದಿ ಸರಿ ಎಂದರು. ನನ್ನ ಲೆಕ್ಕದಲ್ಲಿ ಒರೆಗಲ್ಲು ಇದೇ. ಮೊದಲ ಸಲಕ್ಕೂ ಎರಡನೇ ಸಲಕ್ಕೂ ನಡುವೆ ಏನಾದರೂ ಬದಲಾಗಿದೆಯೇ? ಬದಲಾಗಿದ್ದರೆ ಕೇಳುವುದರಲ್ಲಿ ತಪ್ಪಿಲ್ಲ. ಬರೀ ಉತ್ತರ ಹಿಡಿಸಲಿಲ್ಲವೆಂದು ಕೇಳುವುದು ಜನರಿಗೆ ಮಾಡುವ ಅಪಮಾನ.

ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಇಂಥದ್ದು ಬಂದಿತ್ತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೇ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದು ಕೋರ್ಟು 2013ರಲ್ಲಿ ತೀರ್ಪು ಕೊಟ್ಟಿತು. ಹನ್ನೆರಡು ಊರು ಸಭೆ ಸೇರಿದವು, ಹನ್ನೆರಡೂ ಬೇಡ ಎಂದವು. 2016ರಲ್ಲಿ ರಾಜ್ಯದ ಗಣಿ ನಿಗಮ ಮತ್ತೆ ಗ್ರಾಮಸಭೆ ನಡೆಸಲು ಅನುಮತಿ ಕೇಳಿತು. ಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು.

ನಮ್ಮ ಬೈಂದೂರು ತಾಲೂಕಿಗೆ ಬಂದರೆ, ಘಟ್ಟದ ಬುಡದ ಊರುಗಳು ಪಶ್ಚಿಮ ಘಟ್ಟದ ಪರಿಸರ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಬಿಸಿ ಕಂಡಿವೆ. ಕೇಂದ್ರ ಪರಿಸರ ಸಚಿವಾಲಯ 2014ರ ಮಾರ್ಚಿನಿಂದ 2024ರ ಜುಲೈವರೆಗೆ ಆರು ಸಲ ಕರಡು ಅಧಿಸೂಚನೆ ಹೊರಡಿಸಿದೆ. ಕರಡು ಎಂದರೆ ಅಂತಿಮ ಆದೇಶವಲ್ಲ. ಆಕ್ಷೇಪಣೆ ಸಲ್ಲಿಸಲು ಪ್ರತಿ ಸಲವೂ 60 ದಿನ. ಇಲ್ಲಿ ಮತದಾನವಿಲ್ಲ, ಆದರೆ ಮತ್ತೆ ಮತ್ತೆ ಕೇಳಿದ್ದಂತೂ ಹೌದು. ಆಕ್ಷೇಪಣೆಗೆ ಶುಲ್ಕವಿಲ್ಲ. ಇ-ಮೇಲ್ ಮಾಡಬಹುದು, ಇಲ್ಲವೇ ದೆಹಲಿಯ ಇಂದಿರಾ ಪರ್ಯಾವರಣ ಭವನಕ್ಕೆ ಅಂಚೆಯಲ್ಲಿ ಕಳಿಸಬಹುದು. ಸರ್ವೆ ನಂಬರ್, ಊರಿನ ಹೆಸರು, ನಿಮ್ಮ ಕಾರಣ ಸ್ಪಷ್ಟವಾಗಿರಲಿ. ಒಂದೇ ಒಕ್ಕಣೆಯ ಜೆರಾಕ್ಸಿಗೆ ಸಹಿ ಹಾಕಿ ಕಳಿಸುವುದಕ್ಕಿಂತ ಇದಕ್ಕೆ ತೂಕ ಹೆಚ್ಚು.

ಇನ್ನು ಊರಿನದೇ ತೀರ್ಮಾನ. ಇದಕ್ಕೆ ದಾರಿ ನಿಚ್ಚಳವಾಗಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಪಂಚಾಯತ್ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಗ್ರಾಮಸಭೆಯ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಅಷ್ಟು ಕಾಯಲಾಗದಿದ್ದರೆ ಶೇ. 10ರಷ್ಟು ಸದಸ್ಯರು ಉದ್ದೇಶವನ್ನು ಸ್ಪಷ್ಟವಾಗಿ ಬರೆದುಕೊಟ್ಟು ವಿಶೇಷ ಗ್ರಾಮಸಭೆ ಕೇಳಬಹುದು. ಎರಡು ವಿಶೇಷ ಸಭೆಗಳ ನಡುವೆ ಕನಿಷ್ಠ ಮೂರು ತಿಂಗಳ ಅಂತರ ಬೇಕು. ಇದು ಒಳ್ಳೆಯ ನಿಯಮ. ಸೋತವರು ಮರುವಾರವೇ ಸಭೆ ಕರೆಸುವಂತಿಲ್ಲ.

ಅರ್ಜಿಯನ್ನು ಪಂಚಾಯತ್ ಕಚೇರಿಯಲ್ಲಿ ಪಿಡಿಒ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರಿಗೆ ಕೊಡಿ. ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಅದಕ್ಕೆ ಮುಂಚೆ ಹಿಂದಿನ ನಿರ್ಣಯದಲ್ಲಿ ಏನು ಬರೆದಿದೆ ಎಂದು ನೋಡಿ. ಸಭೆಯಲ್ಲಿ ಮಾತಾಡಿದ್ದು ಒಂದು, ನಡಾವಳಿ ಪುಸ್ತಕದಲ್ಲಿ ಇಳಿದದ್ದು ಇನ್ನೊಂದು ಆಗುವುದುಂಟು. ಒಳಗೆ ಬರುವಾಗಲೇ ಹಾಜರಿಗೆ ಸಹಿ ಹಾಕಿರುತ್ತೇವೆ, ನಿರ್ಣಯ ಬರೆಯುವುದು ಆಮೇಲೆ. ಹಾಗಾಗಿ ಏಳುವ ಮುಂಚೆ ನಿರ್ಣಯವನ್ನು ಗಟ್ಟಿಯಾಗಿ ಓದಿಸಿ. ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ಸಾಕು. ಪ್ರತಿಯ ಹಣ ಪುಟದ ಲೆಕ್ಕದಲ್ಲಿ ಬೇರೆ. ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ ಗಡುವು.

ಗ್ರಾಮಸಭೆ ನಿರ್ಣಯ ಮಾಡಿದರೆ ಸರ್ಕಾರ ಕೇಳಲೇಬೇಕೇ? ಎಲ್ಲದಕ್ಕೂ ಇಲ್ಲ. ಫಲಾನುಭವಿಗಳ ಆಯ್ಕೆ, ಅರಣ್ಯ ಹಕ್ಕು ಇಂಥ ವಿಷಯಗಳಲ್ಲಿ ಅದಕ್ಕೆ ಕಾನೂನಿನ ಬಲವಿದೆ. ಹೆದ್ದಾರಿಯಂಥ ಕೇಂದ್ರದ ವಿಷಯದಲ್ಲಿ ಅದು ಊರಿನ ಅಭಿಪ್ರಾಯ ಮಾತ್ರ. ಪಂಚಾಯತ್ ಸ್ಪಂದಿಸದಿದ್ದರೆ ಬೈಂದೂರಿನಲ್ಲಿ ತಾಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ, ಅಲ್ಲೂ ಆಗದಿದ್ದರೆ ಮಣಿಪಾಲದಲ್ಲಿ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಬರೆಯಿರಿ. ಜೊತೆಗೆ ಸೀಲು ಬಿದ್ದ ಆ ಪ್ರತಿಯ ಜೆರಾಕ್ಸ್ ಇಡಲು ಮರೆಯಬೇಡಿ.