ಪುಟ್ಟ ಕಂಪ್ಯೂಟರಿಗೂ ಸೆಕೆಯಾಗುತ್ತದೆ!

ಹಾಸ್ಟೆಲ್ ಮೇಜಿನ ಮೂಲೆಯಲ್ಲಿ ಕೂರುವಂಥ ಪುಟ್ಟ ಕಂಪ್ಯೂಟರ್ ಜೋಡಿಸುವ ಆಸೆ ನಮ್ಮಲ್ಲಿ ಹಲವರಿಗಿದೆ. ದುಡ್ಡೆಲ್ಲ ಪ್ರಾಸೆಸರ್‌ಗೆ ಸುರಿದು, ಕೂಲರ್ ಆಮೇಲೆ ನೋಡೋಣ ಎನ್ನುತ್ತೇವೆ. ಚಿಕ್ಕ ಕೇಸ್ ಆದರೆ ಮೊದಲು ನೋಡಬೇಕಾದದ್ದೇ ಕೂಲರ್‌ನ ಎತ್ತರ. ಕೆಲವು ರೈಜನ್ ಪ್ರಾಸೆಸರ್‌ಗಳ ಜತೆ ಬರುವ ರೇತ್ ಸ್ಟೆಲ್ತ್ ಕೂಲರ್ 54 ಮಿ.ಮೀ. ಎತ್ತರವಿದ್ದರೆ, ನಾಕ್ಟುವಾದ ಎನ್‌ಎಚ್-ಎಲ್9ಎ ಬರೀ 37 ಮಿ.ಮೀ. ಆದರೆ ಗಿಡ್ಡ ಕೂಲರ್‌ನಲ್ಲಿ ಶಾಖ ಚೆಲ್ಲುವ ಲೋಹದ ರೆಕ್ಕೆಗಳಿಗೆ ಜಾಗ ಕಡಿಮೆ.

‘65 ವ್ಯಾಟ್’ ಎಂದು ಬರೆದದ್ದನ್ನಷ್ಟೇ ನೋಡಿ ಕೊಳ್ಳಬೇಡಿ. ಇಂಟೆಲ್‌ನ ಐ5-12400 ಜೋರಾಗಿ ಓಡುವಾಗ 117 ವ್ಯಾಟ್‌ವರೆಗೂ ಎಳೆಯಬಲ್ಲದು. ಬಿಸಿ ಮಿತಿ ಮೀರಿದರೆ ಪ್ರಾಸೆಸರ್ ತಾನೇ ವೇಗ ತಗ್ಗಿಸುತ್ತದೆ. ಆಗ ವೇಗಕ್ಕೆಂದು ಕೊಟ್ಟ ದುಡ್ಡು ನೀರುಪಾಲು. ಫ್ಯಾನ್ ಕೋಣೆಯ ಗಾಳಿಯನ್ನೇ ಬಳಸುವುದರಿಂದ ಕಲಬುರಗಿಯ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಡಿಮೆ ವ್ಯಾಟ್‌ನ ಪ್ರಾಸೆಸರ್ ಆರಿಸಿ, ಇಲ್ಲವೇ ಬಯಾಸ್‌ನಲ್ಲಿ ವಿದ್ಯುತ್ ಮಿತಿ ಇಳಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತು ಕಂಪ್ಯೂಟರಿಗೂ ಒಪ್ಪುತ್ತದೆ.