ಎರಡೇ ಮಚ್ಚೆಯ ಮುತ್ತು

ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯ 2024ರಲ್ಲಿ ಹೊರಗೆಡವಿದ ಸುದ್ದಿಯೊಂದು ಪತ್ರಿಕೆಗಳಲ್ಲೆಲ್ಲ ಓಡಾಡಿತು. ತನ್ನಲ್ಲಿರುವ ‘ಮುತ್ತಿನ ಓಲೆ ತೊಟ್ಟ ಹುಡುಗಿ’ ಚಿತ್ರದ ಮುಂದೆ ಕೆಲವರನ್ನು ನಿಲ್ಲಿಸಿ, ಅವರ ನೋಟ ಎತ್ತ ಹರಿಯುತ್ತದೆ, ಮಿದುಳಿನ ವಿದ್ಯುತ್ ಅಲೆಗಳು ಹೇಗೆ ಏರಿಳಿಯುತ್ತವೆ ಎಂದು ಅದು ಅಳೆಸಿ ನೋಡಿತ್ತು. ನೋಟ ಕಣ್ಣಿನಿಂದ ಬಾಯಿಗೆ, ಬಾಯಿಂದ ಮುತ್ತಿಗೆ, ಅಲ್ಲಿಂದ ಮತ್ತೆ ಕಣ್ಣಿಗೆ ಸುತ್ತುತ್ತಲೇ ಇರುತ್ತದಂತೆ. ಮುದ್ರಿತ ಪ್ರತಿಗಿಂತ ಮೂಲಚಿತ್ರ ಹತ್ತು ಪಟ್ಟು ಬಲವಾಗಿ ಭಾವನೆಯನ್ನು ಕಲಕುತ್ತದಂತೆ.

‘ಹತ್ತು ಪಟ್ಟು’ ಎಂಬ ಮಾತನ್ನು ನಾನು ನಂಬಲಾರೆ. ಪಾಲ್ಗೊಂಡವರು 20 ಮಂದಿ ಮಾತ್ರ. ಅಳೆದದ್ದು ಮಾರುಕಟ್ಟೆ ಸಂಶೋಧನೆಯ ಕಂಪನಿ, ಅಳೆಯಲು ಹೇಳಿದ್ದು ಚಿತ್ರದ ಒಡೆತನವಿರುವ ಸಂಗ್ರಹಾಲಯವೇ. ಮೇಲಾಗಿ, ಜಗತ್ಪ್ರಸಿದ್ಧ ಮೂಲಚಿತ್ರದ ಮುಂದೆ ನಿಂತಿದ್ದೇನೆ ಎಂಬ ಅರಿವೇ ಮನಸ್ಸನ್ನು ಹಿಗ್ಗಿಸುತ್ತದೆ. ಇದೇ ಚಿತ್ರ 1881ರ ಹರಾಜಿನಲ್ಲಿ ಎರಡು ಗಿಲ್ಡರ್‌ಗೆ ಹೋಗಿತ್ತು; ಮೇಲೆ ಮೂವತ್ತು ಸೆಂಟ್ ಶುಲ್ಕ. ಇದನ್ನು ಬರೆದ ಯೊಹಾನೆಸ್ ವರ್ಮೀರ್ 1675ರಲ್ಲಿ ಸಾಲ ಬಿಟ್ಟು ಸತ್ತ ಮೇಲೆ ಹೆಚ್ಚುಕಡಿಮೆ ಎರಡು ಶತಮಾನ ಅವನ ಹೆಸರೇ ಮಸುಕಾಗಿತ್ತು. ಆ ಹರಾಜಿನಲ್ಲಿ ಚಿತ್ರವನ್ನು ಕೊಂಡ ದೆ ಟೋಂಬ್ ಎಂಬ ಸಂಗ್ರಾಹಕ 1902ರಲ್ಲಿ ತೀರಿಕೊಂಡಾಗ ಉಯಿಲಿನ ಮೂಲಕ ಅದನ್ನು ಮೌರಿಟ್ಸ್‌ಹೌಸ್‌ಗೆ ಬಿಟ್ಟುಹೋದ. 1881ರಲ್ಲಿ ಕೊಳೆ ಹಿಡಿದ ಆ ಚಿತ್ರವನ್ನು ದಾಟಿಹೋದವರ ಮಿದುಳು ನಮ್ಮದಕ್ಕಿಂತ ಬೇರೆಯೇನಲ್ಲ.

ಆದರೆ ನೋಟ ಸುತ್ತುತ್ತದೆ ಎಂಬ ಅಂಶವನ್ನು ತಳ್ಳಿಹಾಕಲಾಗದು. ಅದರ ಗುಟ್ಟು ಬಣ್ಣದಲ್ಲೇ ಇದೆ.

ಮುತ್ತನ್ನೇ ನೋಡಿ. ಮೇಲೆ ಸೀಸದ ಬಿಳಿ ಬಣ್ಣದ ದಪ್ಪನೆಯ ಒಂದು ಮಚ್ಚೆ, ಅದು ಬೆಳಕಿನ ಹೊಳಪು. ಕೆಳಗೆ ಮೆತ್ತನೆಯ ಇನ್ನೊಂದು, ಅದು ಬಿಳಿ ಕೊರಳಪಟ್ಟಿಯ ಪ್ರತಿಬಿಂಬ. ಇಷ್ಟೇ. ಸುತ್ತಲೂ ಗೆರೆಯಿಲ್ಲ. ಕಿವಿಗೆ ಸಿಕ್ಕಿಸುವ ಕೊಕ್ಕೆಯೂ ಇಲ್ಲ. 2018ರಲ್ಲಿ ಚಿತ್ರ ಸಂರಕ್ಷಣಾ ತಜ್ಞೆ ಅಬ್ಬಿ ವಾಂಡಿವೆರ್ ಅವರ ತಂಡ ಸಂಗ್ರಹಾಲಯದಲ್ಲೇ ಗಾಜಿನ ಕೋಣೆ ಕಟ್ಟಿ, ಸೂಕ್ಷ್ಮದರ್ಶಕ, ಎಕ್ಸ್-ಕಿರಣ, ಅವಕೆಂಪು ಕಿರಣಗಳಿಂದ ಎರಡು ವಾರ ಚಿತ್ರವನ್ನು ಜಾಲಾಡಿತು. ಬರಿಗಣ್ಣಿಗೆ ಕಾಣದ ಸಣ್ಣ ರೆಪ್ಪೆಗೂದಲು ಸಿಕ್ಕಿತು, ಕೊಕ್ಕೆ ಸಿಗಲಿಲ್ಲ. ಅಷ್ಟು ದೊಡ್ಡ ಮುತ್ತು ಹೀಗೆ ಕನ್ನಡಿಯಂತೆ ಹೊಳೆಯುವುದಿಲ್ಲ, ಅದು ಮೆರುಗು ಕೊಟ್ಟ ಲೋಹವಿರಬೇಕು ಎಂದು ಡಚ್ ಖಗೋಳವಿಜ್ಞಾನಿ ವಿನ್ಸೆಂಟ್ ಇಕೆ 2014ರಲ್ಲೇ ವಾದಿಸಿದ್ದರು.

ಹಾಗಿದ್ದರೂ ನಮಗೆ ಗುಂಡಗಿನ, ಭಾರವಾದ, ನೇತಾಡುವ ಮುತ್ತೇ ಕಾಣುತ್ತದೆ. ಅಂಗಳದಲ್ಲಿ ಚುಕ್ಕಿ ಇಟ್ಟ ಮೇಲೆ, ಎಳೆ ಬೀಳುವ ಮುಂಚೆಯೇ ರಂಗೋಲಿ ಬಲ್ಲವರ ಕಣ್ಣಿಗೆ ತಾವರೆ ಮೂಡಿರುತ್ತದಲ್ಲ, ಹಾಗೆ. ಇಟಲಿಯ ಮನಶ್ಶಾಸ್ತ್ರಜ್ಞ ಗಯೆಟಾನೊ ಕನಿಜ಼ಾ 1955ರಲ್ಲಿ ಇದನ್ನು ಸೊಗಸಾಗಿ ತೋರಿಸಿದ. ತುಂಡು ಕತ್ತರಿಸಿದ ಮೂರು ಕಪ್ಪು ಬಿಲ್ಲೆಗಳನ್ನು ತಕ್ಕಂತೆ ಇಟ್ಟರೆ ನಡುವೆ ಬಿಳಿ ತ್ರಿಕೋನವೊಂದು ಎದ್ದು ಕಾಣುತ್ತದೆ. ಅದರ ಅಂಚುಗಳನ್ನು ಯಾರೂ ಬರೆದಿರುವುದಿಲ್ಲ. ಇಂಥ ಇಲ್ಲದ ಗೆರೆಗೂ ಸ್ಪಂದಿಸುವ ನರಕೋಶಗಳು ಕೋತಿಗಳ ಮಿದುಳಿನ ದೃಷ್ಟಿಭಾಗದಲ್ಲಿವೆ ಎಂಬುದು 1984ರಲ್ಲಿ ಗೊತ್ತಾಯಿತು. ವರ್ಮೀರನಿಗೆ ನರಕೋಶದ ವಿಚಾರ ಗೊತ್ತಿರಲಿಲ್ಲ, ಆದರೆ ಎಲ್ಲಿ ಕುಂಚ ತಡೆಯಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಹುಡುಗಿಯ ಮೂಗಿನ ಸೇತುವೆಗೂ ಆಚೆಯ ಕೆನ್ನೆಗೂ ನಡುವೆ ಗೆರೆ ಹುಡುಕಿ. ಸಿಗುವುದಿಲ್ಲ. ಮೂಗನ್ನು ನೋಡುವವರೇ ಪೂರ್ತಿ ಮಾಡಬೇಕು, ಮಾಡುತ್ತಾರೆ ಕೂಡ.

ಇನ್ನು ಕಣ್ಣು. ನೇರ ನೋಟದ ಸೆಳೆತ ಕಲಿತು ಬರುವುದಲ್ಲ. ಹುಟ್ಟಿ ಎರಡರಿಂದ ಐದು ದಿನವಾದ ಶಿಶುಗಳೂ ತಮ್ಮತ್ತ ನೇರ ನೋಡುವ ಮುಖವನ್ನೇ ಹೆಚ್ಚು ಹೊತ್ತು ನೋಡುತ್ತವೆ ಎಂದು 2002ರಲ್ಲಿ ತೆರೆಸಾ ಫರೋನಿ ಮತ್ತು ಸಂಗಡಿಗರು ತೋರಿಸಿದರು. ಇಲ್ಲಿ ಹುಡುಗಿ ಭುಜದ ಮೇಲಿಂದ ತಿರುಗಿ ನೋಡುತ್ತಾಳೆ, ತುಟಿ ತುಸು ತೆರೆದಿದೆ. ಯಾರಾಕೆ? ಬಹುಶಃ ಯಾರೂ ಅಲ್ಲ. ಡಚ್ಚರು ‘ಟ್ರೋನಿ’ ಎನ್ನುತ್ತಿದ್ದ ಕಲ್ಪಿತ ಮುಖಚಿತ್ರದ ಬಗೆ ಇದು. ಹೆಸರು, ಮನೆತನ, ಒಡವೆಯ ಅಂತಸ್ತು ಯಾವುದೂ ಅಡ್ಡ ಬರುವುದಿಲ್ಲ. ಮುಖ ಮಾತ್ರ ಉಳಿಯುತ್ತದೆ.

ಆ ಮುಖದ ಹಿಂದಿನ ಕತ್ತಲೆಯನ್ನು ಮೆಚ್ಚದವರಿಲ್ಲ. ವಾಂಡಿವೆರ್ ತಂಡ 2020ರಲ್ಲಿ ಪ್ರಕಟಿಸಿದಂತೆ, ಸುಮಾರು 1665ರಲ್ಲಿ ವರ್ಮೀರ್ ಅಲ್ಲಿ ಬರೆದದ್ದು ಮಡಿಕೆಮಡಿಕೆಯಾಗಿ ಇಳಿಬಿದ್ದ ಹಸಿರು ಪರದೆ. ನೀಲಿ ಗಿಡದ ಬಣ್ಣಕ್ಕೆ ವೆಲ್ಡ್ ಎಂಬ ಸಸ್ಯದ ಹಳದಿ ಸೇರಿಸಿ ಆ ಹಸಿರನ್ನು ತಂದಿದ್ದ. ಸಸ್ಯಜನ್ಯ ಬಣ್ಣಗಳು ಬೆಳಕಿಗೆ ಬಾಡಿ, ಪರದೆ ಮಾಯವಾಗಿ, ಕಪ್ಪು ಉಳಿಯಿತು. ಅಂದಮೇಲೆ 2024ರಲ್ಲಿ ಅಳೆದ ಸೆಳೆತದಲ್ಲಿ ವರ್ಮೀರನ ಪಾಲೆಷ್ಟು, ಮೂರೂವರೆ ಶತಮಾನದ ರಸಾಯನಕ್ರಿಯೆಯ ಪಾಲೆಷ್ಟು ಎಂದು ಬೇರ್ಪಡಿಸಬೇಕಲ್ಲ? ಹಸಿರು ಪರದೆಯನ್ನು ಮರಳಿ ಮೂಡಿಸಿದ ಪ್ರತಿಯೊಂದನ್ನು ಪಕ್ಕದಲ್ಲಿಟ್ಟು ಅದೇ ಪರೀಕ್ಷೆ ನಡೆಸಬಹುದು. ‘ಹತ್ತು ಪಟ್ಟಿ’ಗಿಂತ ಆ ಫಲಿತಾಂಶವನ್ನು ಓದುವ ಆಸೆ ನನಗೆ.