ಬಣ್ಣ ಹೋದರೆ ಬೂಷ್ಟು ಹೋದಂತೆಯೇ?

ಜುಲೈ ತಿಂಗಳ ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮಲೆನಾಡಿನ ಒಂದು ಶಾಲೆಯ 8ನೇ ತರಗತಿ, ಘಟಕ ಸೂಕ್ಷ್ಮಜೀವಿಗಳು. ಬ್ರೆಡ್ಡಿನ ಮೇಲಿನ ಬೂಷ್ಟನ್ನು ತೋರಿಸುವುದೆಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಮಕ್ಕಳು ಅದಕ್ಕಿಂತ ದೊಡ್ಡ ಮಾದರಿಯನ್ನೇ ತೋರಿಸಿದರು: ಬಿಸಿಯೂಟದ ಅಡುಗೆಕೋಣೆಯ ಗೋಡೆ. ಒಲೆಯ ಹಿಂದೆ, ಮೇಲ್ಭಾಗದಲ್ಲಿ ಕಪ್ಪು ಚುಕ್ಕೆಗಳು. ಪಾತ್ರೆ ತೊಳೆಯುವ ಸಿಂಕಿನ ಕೆಳಗೆ ಹಸಿರುಗಪ್ಪು ಮಚ್ಚೆ.

ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ ತೋರಿಸಿದೆ. ಗೋಡೆ ಬೆಳ್ಳಗಾಯಿತು. "ಶಿಲೀಂಧ್ರ ಸತ್ತಿತು" ಎಂದೆ. ಮೌಲ್ಯಮಾಪನದ ಅಂಕಣದಲ್ಲಿ 'ಉದ್ದೇಶ ಈಡೇರಿದೆ' ಎಂದೂ ಬರೆದೆ. ಹತ್ತು ದಿನ ಕಳೆಯುವುದರೊಳಗೆ ಎರಡೂ ಕಡೆ ಚುಕ್ಕೆಗಳು ಮರಳಿದ್ದವು. ಒಬ್ಬ ಹುಡುಗಿ ಕೇಳಿದಳು: "ಮಿಸ್, ಸತ್ತಿದ್ದು ಹೆಂಗೆ ವಾಪಸ್ ಬಂತು?" ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಗುರುತಿಸುವುದು

ಅಡುಗೆಮನೆಯ ಕಲೆಗಳೆಲ್ಲ ಬೂಷ್ಟಲ್ಲ. ಸೌದೆ ಒಲೆಯ ಮಸಿಯೂ ಕಪ್ಪೇ. ಕಲೆಯ ಮೇಲೆ ಬ್ಲೀಚಿಂಗ್ ನೀರಿನ ಒಂದು ಹನಿ ಬಿಟ್ಟು ಒಂದೆರಡು ನಿಮಿಷ ಕಾಯಬೇಕು. ಬಣ್ಣ ತಿಳಿಯಾದರೆ ಅದು ಬೂಷ್ಟಿರುವ ಸಂಭವ ಹೆಚ್ಚು. ಮಸಿ ಕಪ್ಪಾಗಿಯೇ ಉಳಿಯುತ್ತದೆ. ತೇವದ ಗೋಡೆಯಲ್ಲಿ ಬಿಳಿ ಪುಡಿ ಕಂಡರೆ ಅದು ಗಾರೆಯಿಂದ ಹೊರಬಂದ ಲವಣವೂ ಆಗಿರಬಹುದು. ಅಂಥ ಲವಣ ಸಾಮಾನ್ಯವಾಗಿ ನೀರಿನಲ್ಲಿ ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಮುಗ್ಗಲು ವಾಸನೆಯೂ ಒಂದು ಸುಳಿವು.

ಮರಳಿ ಬರುವುದೇಕೆ?

ನಮಗೆ ಕಾಣುವ ಕಪ್ಪು ಬಣ್ಣ ಹೆಚ್ಚಾಗಿ ಬೀಜಕಗಳದ್ದು. ದೇಹ ಎನ್ನಬಹುದಾದ ಭಾಗ ಸಣ್ಣ ಎಳೆಗಳ ಜಾಲ. ಟೈಲ್ಸ್, ಸ್ಟೀಲು, ಗಾಜಿನ ಮೇಲೆ ಈ ಎಳೆಗಳು ಮೇಲ್ಮೈಯಲ್ಲೇ ಇರುತ್ತವೆ, ಉಜ್ಜಿದರೆ ಹೋಗುತ್ತವೆ. ಸುಣ್ಣ ಬಳಿದ ಗಾರೆ, ಮರದ ಹಲಗೆಗಳಲ್ಲಿ ಅವು ರಂಧ್ರಗಳೊಳಗೆ ಇಳಿಯುತ್ತವೆ. ಬ್ಲೀಚ್ ಮೇಲಿನ ಬಣ್ಣವನ್ನು ಕಳೆಯುತ್ತದೆ, ಒಳಗಿನ ಎಳೆಗಳನ್ನು ಪೂರ್ತಿ ತಲುಪುವುದಿಲ್ಲ. ಅದರ ನೀರು ಮಾತ್ರ ಒಳಗಿಳಿದು ಗೋಡೆಯನ್ನು ಇನ್ನಷ್ಟು ತೇವ ಮಾಡುತ್ತದೆ. ಬೀಜಕಗಳಂತೂ ಗಾಳಿಯಲ್ಲಿ ಸದಾ ಇರುತ್ತವೆ. ಒದ್ದೆಯಾದ ಜಾಗ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಅವು ಅಲ್ಲಿ ಬೆಳೆಯಲು ಶುರುವಾಗಬಹುದು. ಆದ್ದರಿಂದ ಮೊದಲು ಹುಡುಕಬೇಕಾದದ್ದು ತೇವದ ಮೂಲವನ್ನು.

ತೇವದ ಮೂಲ

ಇದಕ್ಕೆ ಸರಳ ಪ್ರಯೋಗವಿದೆ. ಗೋಡೆಯನ್ನು ಒರೆಸಿ ಒಣಗಿಸಿ, ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ, ಒಂದೆರಡು ದಿನ ಬಿಡಬೇಕು. ಹನಿಗಳು ಹಾಳೆಯ ಹೊರಮುಖದಲ್ಲಿದ್ದರೆ ತೇವ ಕೋಣೆಯ ಗಾಳಿಯದು. ಗೋಡೆಯ ಕಡೆಯಲ್ಲಿದ್ದರೆ ತೇವ ಗೋಡೆಯೊಳಗಿನದು. ಒಲೆಯ ಹಿಂದೆ ಅಂಟಿಸಿದ ಹಾಳೆಯ ಹೊರಮುಖ ಒದ್ದೆಯಾಗಿತ್ತು: ಅನ್ನದ ಹಬೆ. ಮಳೆಯ ಎರಚಲಿಗೆಂದು ಕಿಟಕಿ ಮುಚ್ಚಿರುತ್ತಿತ್ತು. ಸಿಂಕಿನ ಕೆಳಗಿನ ಹಾಳೆ ಒಳಮುಖದಲ್ಲಿ ಬೆವರಿತ್ತು: ಪೈಪು ಸೋರುತ್ತಿತ್ತು. ಒಂದೇ ಗೋಡೆ, ಎರಡು ಕಾರಣ.

ತೆಗೆಯುವ ಕ್ರಮ

ಮೊದಲು ಸೋರಿಕೆ ನಿಲ್ಲಿಸಬೇಕು, ಹಬೆಗೆ ದಾರಿ ಮಾಡಬೇಕು. ಒಣ ಬೂಷ್ಟನ್ನು ಹಾಗೇ ಉಜ್ಜಿದರೆ ಬೀಜಕ ಹಾರುತ್ತದೆ. ಆದ್ದರಿಂದ ಸೋಪಿನ ನೀರಿನಿಂದ ನೆನೆಸಿ ಉಜ್ಜಬೇಕು. ಮಾಸ್ಕ್, ಕೈಗವಸು ಬೇಕು. ಆಹಾರ, ಪಾತ್ರೆಗಳನ್ನು ಹೊರಗಿಡಬೇಕು. ಸತ್ತ ಬೂಷ್ಟೂ ಅಲರ್ಜಿ ತರಬಲ್ಲದು. ಹಾಗಾಗಿ ಕೊಂದರೆ ಸಾಲದು, ಒರೆಸಿ ತೆಗೆಯಬೇಕು. ಆಮೇಲೆ ಜಾಗ ಪೂರ್ತಿ ಒಣಗಬೇಕು. ಪುಡಿಪುಡಿಯಾದ ಸುಣ್ಣವನ್ನು ಕೆರೆದು, ಗೋಡೆ ಒಣಗಿದ ಮೇಲೆಯೇ ಹೊಸದಾಗಿ ಬಳಿಯಬೇಕು. ಬೂಷ್ಟಿನ ಮೇಲೆಯೇ ಬಳಿದರೆ ಬಣ್ಣ ಏಳುತ್ತದೆ. ಬೂಷ್ಟು ಒಳಗಿಳಿದ ತರಕಾರಿ ಹೆಚ್ಚುವ ಹಲಗೆಯನ್ನು ಬಿಸಾಡುವುದೇ ಸರಿ.

ನಾನು ಹೇಳದೆ ಬಿಟ್ಟದ್ದು

ಎರಡನೆಯ ಪಾಠದ ದಿನ ಒಬ್ಬ ಹುಡುಗ ಹೇಳಿದ: "ನಮ್ಮನೇಲಿ ಬ್ಲೀಚಿಂಗ್ ಜೊತೆ ಬಾತ್‌ರೂಮಿನ ಆಸಿಡ್ಡೂ ಹಾಕಿ ತಿಕ್ತಾರೆ ಮಿಸ್, ಸಿಕ್ಕಾಪಟ್ಟೆ ಕೆಮ್ಮು ಬರುತ್ತೆ." ನನಗೆ ಕೈಕಾಲು ತಣ್ಣಗಾಯಿತು. ಬ್ಲೀಚಿಂಗ್ ಪುಡಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಅದು ಶ್ವಾಸಕೋಶಕ್ಕೆ ಹಾನಿ ಮಾಡುವ ವಿಷಾನಿಲ. ವಿನೆಗರ್ ಸೇರಿದರೂ ಅಪಾಯವೇ, ಅಮೋನಿಯಾ ಇರುವ ಕ್ಲೀನರ್ ಸೇರಿದರೂ ಅಪಾಯವೇ. ಮೊದಲ ಪಾಠದಲ್ಲಿ ಬ್ಲೀಚನ್ನು ಮದ್ದಿನಂತೆ ತೋರಿಸಿದ್ದ ನಾನು ಈ ಒಂದು ಮಾತು ಹೇಳಿರಲಿಲ್ಲ. ನಾವು ತರಗತಿಯಲ್ಲಿ ಮಾಡಿ ತೋರಿಸಿದ್ದು ಸಂಜೆಯೇ ಮಕ್ಕಳ ಮನೆಗೆ ಹೋಗುತ್ತದೆ. ಆ ದಿನ ಉಳಿದ ಪಾಠ ಬಿಟ್ಟು ಇದನ್ನೇ ಹೇಳಿದೆ, ಮನೆಯಲ್ಲಿ ಓದಿ ಹೇಳಲೆಂದು ನೋಟ್‌ಬುಕ್ಕಿನಲ್ಲಿ ಬರೆಸಿದೆ.

ಪಾಠಯೋಜನೆಗೆ

ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಸಲಹೆಗಳು. ಮಕ್ಕಳ ಕೈಗೆ ಬ್ಲೀಚನ್ನಾಗಲಿ ಬೂಷ್ಟನ್ನಾಗಲಿ ಕೊಡಬೇಡಿ. ಅವರು ವೀಕ್ಷಿಸಲಿ, ಹಾಳೆಯ ಹನಿಗಳನ್ನು ಕೋಷ್ಟಕದಲ್ಲಿ ದಾಖಲಿಸಲಿ. ಮೌಲ್ಯಮಾಪನವನ್ನು ಅದೇ ಅವಧಿಯಲ್ಲಿ ಮುಗಿಸದೆ ಎರಡು ವಾರದ ನಂತರದ ವೀಕ್ಷಣೆಗೂ ಜಾಗ ಇಡಿ.

ಅಡುಗೆಯ ಅಕ್ಕ ಈಗ ಅನ್ನ ಬೇಯುವಾಗ ಕಿಟಕಿ ತೆರೆಯುತ್ತಾರೆ, ಪಾತ್ರೆಗೆ ಮುಚ್ಚಳ ಹಾಕುತ್ತಾರೆ. ನನ್ನ ಬೋಧನಾಭ್ಯಾಸ ಮುಗಿಯುವವರೆಗೆ ಒಲೆಯ ಹಿಂದೆ ಚುಕ್ಕೆ ಬರಲಿಲ್ಲ. ಸಿಂಕಿನ ಪೈಪು ಸರಿಯಾದರೂ ಗಾರೆ ಇನ್ನೂ ಒಣಗಿರಲಿಲ್ಲ. ಅಲ್ಲಿ ಸ್ವಲ್ಪ ಹಸಿರು ಉಳಿದಿತ್ತು. ಆ ಅಂಕಣದಲ್ಲಿ ಈ ಸಲ 'ಭಾಗಶಃ' ಎಂದು ಬರೆದೆ.